ಸ್ಪಷ್ಟನೆ: ಕೌನ್ಸೆಲಿಂಗ್ ಶುರುವಾಯಿತೆಂದು ಮಾತ್ರೆ ಬಿಡಬೇಡಿ

‘ಮಾತ್ರೆ, ಕೌನ್ಸೆಲಿಂಗ್ ಎರಡೂ ಒಟ್ಟಿಗೆ ಆಗಬಾರದು, ಕೌನ್ಸೆಲಿಂಗ್ ಶುರುವಾದ ದಿನವೇ ಮಾತ್ರೆ ನಿಲ್ಲಿಸಿ’ ಎಂದು ಮಾನಸಿಕ ಕಾಯಿಲೆಯ ಚಿಕಿತ್ಸೆ ಬಗ್ಗೆ ಒಂದು ಮಾತು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು. ದಯವಿಟ್ಟು ಫಾರ್ವರ್ಡ್ ಮಾಡಬೇಡಿ.

ಖಿನ್ನತೆ ಇದ್ದ 12ರಿಂದ 17 ವರ್ಷದ 439 ಮಕ್ಕಳ ಮೇಲೆ ಅಮೆರಿಕದಲ್ಲಿ ಒಂದು ಅಧ್ಯಯನ ನಡೆದಿತ್ತು. 2004ರಲ್ಲಿ ಪ್ರಕಟವಾಯಿತು. ಫ್ಲೂಆಕ್ಸೆಟಿನ್ ಎಂಬ ಖಿನ್ನತೆಯ ಮಾತ್ರೆ, ಮಾತಿನ ಚಿಕಿತ್ಸೆ (ಕೌನ್ಸೆಲಿಂಗ್‌ನಂತೆ ಮಾತಿನ ಮೂಲಕವೇ ಕೊಡುವ ಚಿಕಿತ್ಸೆ) ಎರಡೂ ಸಿಕ್ಕವರಲ್ಲಿ ಶೇ 71ರಷ್ಟು ಮಂದಿ 12 ವಾರದಲ್ಲಿ ಚೆನ್ನಾಗಿ ಸುಧಾರಿಸಿದ್ದರು. ಬರೀ ಮಾತ್ರೆ ತಗೊಂಡವರಲ್ಲಿ ಶೇ 61, ಬರೀ ಮಾತಿನ ಚಿಕಿತ್ಸೆಯಲ್ಲಿ ಶೇ 43.

ರಾತ್ರಿಯಿಡೀ ನಿದ್ದೆಯಿಲ್ಲದೆ, ಬೆಳಿಗ್ಗೆ ಹಾಸಿಗೆ ಬಿಟ್ಟು ಏಳೋಕೂ ಆಗದವರು ಕೌನ್ಸೆಲರ್ ಮುಂದೆ ಕೂತು ಏನು ತಾನೇ ಮಾತಾಡಿಯಾರು? ಮಾತ್ರೆಯಿಂದ ಸ್ವಲ್ಪ ಹಗುರಾದ ಮೇಲೆ ಮಾತು ತಲೆಗೆ ಹೋಗುತ್ತದೆ, ಅಲ್ವಾ? ಹಾಗಂತ ಎಲ್ಲರಿಗೂ ಎರಡೂ ಬೇಕಿಲ್ಲ. ಸೌಮ್ಯ ಖಿನ್ನತೆಗೆ ಮಾತಿನ ಚಿಕಿತ್ಸೆಯೊಂದೇ ಸಾಕಾಗಬಹುದು. ಸ್ಕಿಜೋಫ್ರೇನಿಯಾ (ಇಲ್ಲದ ದನಿ ಕೇಳಿಸುವ, ಇಲ್ಲದ್ದನ್ನು ನಿಜವೆಂದು ನಂಬುವ ಕಾಯಿಲೆ), ಅತಿ ಉತ್ಸಾಹ ಮತ್ತು ಖಿನ್ನತೆ ನಡುವೆ ಮನಸ್ಸು ತೂಗಾಡುವ ಬೈಪೋಲಾರ್‌ನಲ್ಲಿ ಸಾಮಾನ್ಯವಾಗಿ ಮಾತ್ರೆಯೇ ಮುಖ್ಯ.

ಖಿನ್ನತೆಯ ಮಾತ್ರೆ ದಿಢೀರನೆ ಬಿಟ್ಟರೆ ತಲೆಸುತ್ತು, ನಿದ್ದೆಗೇಡು, ಕೆಲವರಿಗೆ ತಲೆಯೊಳಗೆ ಕರೆಂಟ್ ಹೊಡೆದಂತೆ ಆಗಬಹುದು. ಇದು ಚಟವಲ್ಲ. ಡಾಕ್ಟರೇ ಡೋಸ್ ಹಂತಹಂತವಾಗಿ ಇಳಿಸಬೇಕು. ಸಂದೇಹವಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.