ಜಾಯಿಕಾಯಿ ನಾಡಿನಲ್ಲಿ ಚೌಕಾಸಿ

ಗ್ರೆನಡಾ ಎಂಬ ಕೆರಿಬಿಯನ್ ದ್ವೀಪರಾಷ್ಟ್ರದ ಬಾವುಟದಲ್ಲಿ ಒಂದು ಜಾಯಿಕಾಯಿಯ ಚಿತ್ರವಿದೆ. 1974ರಲ್ಲಿ ಸ್ವತಂತ್ರವಾದಾಗ ಹುಲಿ, ಸಿಂಹ, ಹದ್ದುಗಳ ಗೊಡವೆಗೆ ಹೋಗದೆ, ತಮಗೆ ಅನ್ನ ಹಾಕುತ್ತಿದ್ದ ಕಾಯನ್ನೇ ಬಾವುಟಕ್ಕೇರಿಸಿದ ಆ ಜನರ ಬಗ್ಗೆ ನನಗೆ ಗೌರವವಿದೆ. ಆದರೆ ಅಂಥ ನಾಡಿಗೆ ಶಿರಸಿಯ ಅತ್ತೆಯವರನ್ನು ಕರೆದುಕೊಂಡು ಹೋಗಿ, ನೆನಪಿಗೆ ಏನು ಕೊಳ್ಳೋಣ ಎಂದು ಕೇಳಿದರೆ ಏನಾದೀತೆಂದು ಪ್ರವಾಸದ ಏರ್ಪಾಡು ಮಾಡಿದ ನಮ್ಮ ಯಜಮಾನರು ಯೋಚಿಸಿರಲಿಲ್ಲ. ಅತ್ತೆಯವರ ಅಡಿಕೆ ತೋಟದಲ್ಲೇ ಜಾಯಿಕಾಯಿ ಮರಗಳಿವೆ. ನ್ಯೂಜೆರ್ಸಿಯ ನಮ್ಮ ಮನೆಗೆ ಬರುವಾಗಲೆಲ್ಲ ಅವರು ಜಾಯಿಕಾಯಿ, ಜಾಪತ್ರೆಗಳನ್ನು ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿ ತರುತ್ತಾರೆ.

ರಾಜಧಾನಿ ಸೇಂಟ್ ಜಾರ್ಜಸ್‌ನ ಮಾರ್ಕೆಟ್ ಸ್ಕ್ವೇರ್‌ನಲ್ಲಿ ಜಾಯಿಕಾಯಿ ಇಲ್ಲದ ಅಂಗಡಿಯೇ ಇಲ್ಲ. ಚಿಪ್ಪಿನೊಳಗಿನ ಇಡೀ ಕಾಯಿ ಇದೆ, ಪುಡಿ ಇದೆ, ಸಿಪ್ಪೆಯ ಜಾಮ್ ಇದೆ, ಶರಬತ್ತು ಇದೆ, ಮಂಡಿನೋವಿಗೆ ಹಚ್ಚುವ ಎಣ್ಣೆ ಇದೆ. ಇವೆಲ್ಲಕ್ಕಿಂತ ಹೆಚ್ಚಾಗಿ ಪ್ರವಾಸಿಗರ ಕಣ್ಣು ಸೆಳೆಯುವುದು ಜಾಯಿಕಾಯಿ, ಲವಂಗ, ದಾಲ್ಚಿನ್ನಿ ಚಕ್ಕೆಗಳನ್ನು ಪೋಣಿಸಿದ ಸಾಂಬಾರ ಪದಾರ್ಥದ ಹಾರಗಳು. ಕನ್ನಡ ಕೂಟದ ಗೆಳತಿಯರಿಗೆಲ್ಲ ಒಂದೊಂದು ಹಾರ ಕೊಡುವುದೆಂದು ತೀರ್ಮಾನವಾಯಿತು, ಮತ್ತು ಚೌಕಾಸಿಯ ಹೊಣೆಯನ್ನು ಯಾರೂ ಕೇಳದಿದ್ದರೂ ಯಜಮಾನರೇ ವಹಿಸಿಕೊಂಡರು.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಗ್ರೆನಡಾದಲ್ಲಿ ನಡೆಯುವುದು ಈಸ್ಟ್ ಕೆರಿಬಿಯನ್ ಡಾಲರ್. ಅದರ ಬೆಲೆಯನ್ನು 1976ರಿಂದಲೂ ಒಂದು ಅಮೆರಿಕನ್ ಡಾಲರಿಗೆ 2.70ರಂತೆ ಕಟ್ಟಿಹಾಕಲಾಗಿದೆ. ಅಂಗಡಿಗಳವರು ಅಮೆರಿಕದ ನೋಟನ್ನೂ ಸಂತೋಷದಿಂದಲೇ ತೆಗೆದುಕೊಳ್ಳುತ್ತಾರಾದ್ದರಿಂದ, ಬೆಲೆ ಹೇಳುವವರ ಮನಸ್ಸಿನಲ್ಲಿ ಯಾವ ಡಾಲರ್ ಇದೆ, ಕೇಳುವವರ ಮನಸ್ಸಿನಲ್ಲಿ ಯಾವುದಿದೆ ಎಂಬುದು ಹಣ ಕೈಬದಲಾಗುವವರೆಗೂ ಗುಟ್ಟಾಗಿಯೇ ಉಳಿಯಬಲ್ಲದು. ಅಂಗಡಿಯ ಹಿರಿಯ ಹೆಂಗಸು ಒಂದು ಹಾರಕ್ಕೆ ಇಪ್ಪತ್ತು ಡಾಲರ್ ಎಂದಳು. ಯಜಮಾನರು ಎಂಟು ಎಂದರು, ನಿಟ್ಟುಸಿರು ಬಿಟ್ಟರು, ಪಕ್ಕದ ಅಂಗಡಿಯತ್ತ ಎರಡು ಹೆಜ್ಜೆ ಹಾಕಿ ಹಿಂದಿರುಗಿ ನೋಡಿದರು. ಶಿರಸಿ ಪೇಟೆಯಲ್ಲಿ ಕಲಿತ ಪಟ್ಟುಗಳನ್ನೆಲ್ಲ ಪ್ರಯೋಗಿಸಿ ಕೊನೆಗೆ ಹತ್ತಕ್ಕೆ ಇಳಿಸಿದರು. ನನ್ನ ಕಡೆಗೊಮ್ಮೆ ಗೆಲುವಿನ ನೋಟ ಬೀರಿ ಅಮೆರಿಕದ ಹತ್ತು ಡಾಲರಿನ ನೋಟನ್ನು ಮುಂದಿಟ್ಟರು.

ಆಕೆ ನೋಟನ್ನೂ ಇವರನ್ನೂ ಒಮ್ಮೆ ನೋಡಿ, ಹಾರದ ಜೊತೆಗೆ ಒಂದು ಹತ್ತರ ನೋಟು, ಒಂದು ಐದರ ನೋಟು ಮತ್ತು ಎರಡು ನಾಣ್ಯಗಳನ್ನು ಕೊಟ್ಟಳು. ಹತ್ತು ಕೊಟ್ಟವರಿಗೆ ಹದಿನೇಳು ಮರಳಿ ಬಂದುದನ್ನು ಕಂಡು ಯಜಮಾನರಿಗೆ ಕನಿಕರ ಹುಟ್ಟಿತು. ಪಾಪ, ಲೆಕ್ಕ ಬಾರದ ಹೆಂಗಸು ಎಂದುಕೊಂಡು ಪ್ರಾಮಾಣಿಕರಾದ ಅವರು ಆ ಹಣವನ್ನು ಹಿಂದಿರುಗಿಸಲು ಒತ್ತಾಯಿಸತೊಡಗಿದರು. ಆಕೆ ತಾಳ್ಮೆಯಿಂದ ಬೆರಳು ಮಡಿಸಿ ವಿವರಿಸಿದ ಮೇಲೆ ತಿಳಿದದ್ದಿಷ್ಟು: ಆಕೆ ಸುಮ್ಮನಿದ್ದಿದ್ದರೆ, ಇಪ್ಪತ್ತರ ಹಾರವನ್ನು ನಮ್ಮವರು ಕಷ್ಟಪಟ್ಟು ಚೌಕಾಸಿ ಮಾಡಿ ಇಪ್ಪತ್ತೇಳಕ್ಕೆ ಕೊಂಡಂತಾಗುತ್ತಿತ್ತು. ಆ ಬಳಿಕ ಅವರು ಆ ಮಾರುಕಟ್ಟೆಯಲ್ಲಿ ಯಾರೊಡನೆಯೂ ಬೆಲೆ ಮಾತಾಡಲಿಲ್ಲ, ಹೇಳಿದಷ್ಟು ಕೊಟ್ಟು ತೋರಿಸಿದ್ದನ್ನೆಲ್ಲ ಕೊಂಡರು. ನಮ್ಮ ಖರ್ಚು ನಿಜವಾಗಿ ಏರಿದ್ದು ಆಮೇಲೆಯೇ.

ಅಷ್ಟರಲ್ಲಿ ಅತ್ತೆಯವರು ಅದೇ ಅಂಗಡಿಯ ಬುಟ್ಟಿಯ ಮುಂದೆ ಕುಳಿತು, ಒಂದೊಂದೇ ಜಾಯಿಕಾಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿ ನೋಡುತ್ತಿದ್ದರು. ಚೆನ್ನಾಗಿ ಒಣಗಿದ್ದರೆ ಒಳಗಿನ ಬೀಜ ಚಿಪ್ಪಿಗೆ ಬಡಿದು ಸದ್ದು ಮಾಡುತ್ತದೆ. ಇದನ್ನು ಕಂಡ ಅಂಗಡಿಯಾಕೆ ಕೂಡಲೇ ತನ್ನ ಸ್ಟೂಲನ್ನು ಅವರಿಗೆ ಬಿಟ್ಟುಕೊಟ್ಟಳು. “ತಮಾ, ನಮ್ಮನೆದು ಇದಕ್ಕಿಂತ ದೊಡ್ಡ ಇದ್ದು” ಎಂದು ಅತ್ತೆಯವರು ಮಗನಿಗೆ ಹೇಳಿದರಾದರೂ, ಸದ್ದು ಮಾಡಿದ ಕಾಯಿಗಳನ್ನೆಲ್ಲ ಮಡಿಲಿಗೆ ಹಾಕಿಕೊಳ್ಳುವುದನ್ನು ಬಿಡಲಿಲ್ಲ. ಬಳಿಕ ಇಬ್ಬರ ನಡುವೆ ಮಾತು ಆರಂಭವಾಗಿ, ದುಭಾಷಿಯ ಕೆಲಸ ನನ್ನ ಪಾಲಿಗೆ ಬಂತು. 2004ರ ಸೆಪ್ಟೆಂಬರಿನಲ್ಲಿ ಬೀಸಿದ ಐವಾನ್ ಚಂಡಮಾರುತ ದ್ವೀಪದ ಬಹುಪಾಲು ಜಾಯಿಕಾಯಿ ಮರಗಳನ್ನು ಬುಡಮೇಲು ಮಾಡಿತೆಂದು ಆಕೆ ಹೇಳಿದಾಗ ಅತ್ತೆಯವರು ಬಾಯಿ ಮೇಲೆ ಕೈಯಿಟ್ಟುಕೊಂಡರು. ಹೊಸ ಸಸಿ ಫಲ ಕೊಡಲು ಏಳೆಂಟು ವರ್ಷ ಬೇಕು. ಅದೂ ಹೆಣ್ಣು ಮರವಾದರೆ ಮಾತ್ರ. ಗಂಡು ಮರಗಳನ್ನು ನೀವು ಏನು ಮಾಡುತ್ತೀರಿ ಎಂದು ಅತ್ತೆಯವರು ನನ್ನಿಂದ ಕೇಳಿಸಿದರು. ನಾಲ್ಕಾರು ಇಟ್ಟುಕೊಂಡು ಉಳಿದವನ್ನು ಕಡಿಯುತ್ತೇವೆ, ಅವು ಜಾಗ ಹಿಡಿಯುವುದು ಬಿಟ್ಟರೆ ಬೇರೇನೂ ಮಾಡುವುದಿಲ್ಲ ಎಂದು ಆಕೆ ಉತ್ತರಿಸಿದಳು. ನಾನದನ್ನು ಕನ್ನಡಕ್ಕೆ ತರುವ ಮೊದಲೇ ಇಬ್ಬರೂ ಕೈತುಂಬ ಚೀಲ ಹಿಡಿದು ನಿಂತಿದ್ದ ನಮ್ಮ ಯಜಮಾನರತ್ತ ನೋಡಿ ನಕ್ಕುಬಿಟ್ಟರು.

ಆ ಚೀಲಗಳಲ್ಲಿ ಕೋಕೋ ಉಂಡೆಗಳೂ ಇದ್ದವು. ಹುರಿದ ಕೋಕೋ ಬೀಜವನ್ನು ದಾಲ್ಚಿನ್ನಿ, ಜಾಯಿಕಾಯಿಗಳೊಡನೆ ಅರೆದು ಕಟ್ಟುವ ಈ ಉಂಡೆಗಳನ್ನು ಅಲ್ಲಿಯವರು ತುರಿದು, ಕುದಿಸಿ, ಸಕ್ಕರೆ ಬೆರೆಸಿ ಬೆಳಗಿನ ಪಾನೀಯ ಮಾಡುತ್ತಾರೆ. ಈ ಮಾತು ಅಂಗಡಿಯಲ್ಲೇ ಕಿವಿಗೆ ಬಿದ್ದಿದ್ದರೂ, ಹೋಟೆಲಿನ ಬಾಲ್ಕನಿಯಲ್ಲಿ ಸಮುದ್ರ ನೋಡುತ್ತ ಕುಳಿತ ಯಜಮಾನರು ಒಂದನ್ನು ಚಾಕೊಲೇಟೆಂದು ಕಚ್ಚಿದರು. ಆಮೇಲೆ ಬಹಳ ಹೊತ್ತು ಅವರಿಂದ ಮಾತಿರಲಿಲ್ಲ.

ನ್ಯೂಯಾರ್ಕಿನಲ್ಲಿ ಇಳಿದಾಗ, ಸೀರೆಯ ತುಂಡಿನ ಜಾಯಿಕಾಯಿ ಮತ್ತು ಕಪ್ಪನೆಯ ಉಂಡೆಗಳನ್ನು ನೋಡಿ ಅಧಿಕಾರಿಗಳು ಏನೆನ್ನುವರೋ ಎಂಬ ಅಳುಕು ನಮಗಿತ್ತು. ಎಲ್ಲವನ್ನೂ ಬಾಯಿಬಿಟ್ಟು ಹೇಳಿದೆವು. ಒಣಗಿದ ಸಾಂಬಾರ ಪದಾರ್ಥಗಳಿಗೆ ಅವರಿಂದ ಒಂದು ಆಕ್ಷೇಪವೂ ಬರಲಿಲ್ಲ. ಅಷ್ಟರಲ್ಲಿ ಹಣ್ಣು, ಸೊಪ್ಪು, ಮಾಂಸಗಳನ್ನು ಮೂಸಿ ಪತ್ತೆಹಚ್ಚುವ ಬೀಗಲ್ ನಾಯಿಯೊಂದು ಬಾಲ ಆಡಿಸುತ್ತ ಬಂದು, ಚೀಲಗಳನ್ನೆಲ್ಲ ದಾಟಿ, ಯಜಮಾನರ ಕೋಟಿನ ಮುಂದೆ ವಿಧೇಯವಾಗಿ ಕುಳಿತುಬಿಟ್ಟಿತು. ಜೇಬಿನಿಂದ ಹೊರಬಂದದ್ದು ಹೋಟೆಲಿನ ಉಪಾಹಾರದಲ್ಲಿ, ದಾರಿಗಿರಲೆಂದು ಅವರು ಎತ್ತಿಟ್ಟುಕೊಂಡಿದ್ದ ಬಾಳೆಹಣ್ಣು. ಆ ಪ್ರವಾಸದಲ್ಲಿ ನಮಗೆ ಪುಕ್ಕಟೆಯಾಗಿ ದಕ್ಕಿದ್ದ ವಸ್ತು ಅದೊಂದೇ. ಅಧಿಕಾರಿ ಅದನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಹೋದರು.