ಮೂರನೇ ಟಿಕ್ ಅನ್ನೋದೇ ಇಲ್ಲ

ಮೊನ್ನೆ ಕಾರವಾರದ ನಮ್ಮ ಕೇರಿಯ ವಾಟ್ಸಾಪ್ ಗ್ರೂಪಿಗೆ ಮತ್ತೆ ಅದೇ ಫಾರ್ವರ್ಡ್ ಬಂತು: "ಧರ್ಮದ ವಿಷಯ ಕಳಿಸಬೇಡಿ. ಮೂರು ನೀಲಿ ಟಿಕ್ ಬಂದರೆ ಸರ್ಕಾರ ನೋಡಿದೆ, ಎರಡು ನೀಲಿ ಒಂದು ಕೆಂಪು ಬಂದರೆ ಕೇಸು." ಅತ್ತೆ ಹೆದರಿ ಚೌತಿ ಶುಭಾಶಯವನ್ನೂ ಅಳಿಸಿಬಿಟ್ಟರು.

ಇದು ಸುಳ್ಳು. ಒಂದು ಬೂದು ಟಿಕ್ ಅಂದರೆ ಮೆಸೇಜು ಹೋಗಿದೆ, ಎರಡು ಅಂದರೆ ತಲುಪಿದೆ, ಎರಡೂ ನೀಲಿಯಾದರೆ ಓದಿದ್ದಾರೆ, ಅಷ್ಟೇ. 2016ರಿಂದ ಎಲ್ಲ ಮೆಸೇಜಿಗೂ ಕಳಿಸಿದವರ ಫೋನಿನಲ್ಲೇ ಬೀಗ ಬೀಳುತ್ತದೆ, ಪಡೆದವರ ಫೋನಿನಲ್ಲಿ ಮಾತ್ರ ಅದು ತೆರೆಯುತ್ತದೆ, ನಡುವೆ ಕಂಪನಿಗೂ ಓದಲಾಗದು.

ಹಾಗಂತ ಏನು ಬೇಕಾದರೂ ಹಂಚಬಹುದು ಅಂತಲ್ಲ. ಗ್ರೂಪಿನ ಒಬ್ಬರು ಸ್ಕ್ರೀನ್‌ಶಾಟ್ ತೆಗೆದು ದೂರು ಕೊಟ್ಟರೆ ಸಾಕು. ಧರ್ಮಗಳ ನಡುವೆ ದ್ವೇಷ ಹಚ್ಚಿದರೆ ಭಾರತೀಯ ನ್ಯಾಯ ಸಂಹಿತೆಯ 196ನೇ ಸೆಕ್ಷನ್ ಪ್ರಕಾರ 3 ವರ್ಷದವರೆಗೂ ಜೈಲು ಆಗಬಹುದು.

ಸಾಮರಸ್ಯಕ್ಕಾಗಿ ಸರ್ಕಾರಗಳು ಸೋಶಿಯಲ್ ಮೀಡಿಯಾ ಬಳಸೋದು ನಿಜವೇ, ಆದರೆ ಕದ್ದು ಓದಿ ಅಲ್ಲ, ಎಲ್ಲರೆದುರು ಮಾತಾಡಿ. ಇಂಡೋನೇಷ್ಯಾದ ಧಾರ್ಮಿಕ ಸಚಿವಾಲಯ 'ಮೊಡೆರಾಸಿ ಬೆರಾಗಾಮ' (ಅಂದರೆ ಧರ್ಮಾಚರಣೆಯಲ್ಲಿ ಅತಿರೇಕ ಬೇಡ) ಹೆಸರಲ್ಲಿ ವಿಡಿಯೊ, ಪೋಸ್ಟರ್ ಹಾಕುತ್ತದೆ. ಸಹನೆ ಇರಲಿ, ಹಿಂಸೆ ಬೇಡ, ಊರಿನ ಸಂಪ್ರದಾಯಕ್ಕೂ ಜಾಗ ಇರಲಿ ಅನ್ನೋದೇ ಅದರ ಮಾತು. 2023ರಲ್ಲಿ ಇದಕ್ಕೆ ಅಲ್ಲಿನ ಅಧ್ಯಕ್ಷರ ಆದೇಶವೂ ಬಂತು.

ಇಷ್ಟು ಹೇಳಿದ ಮೇಲೆ ಅತ್ತೆ ಚೌತಿ ಶುಭಾಶಯ ಮತ್ತೆ ಕಳಿಸಿದರು. ಗ್ರೂಪಿನಲ್ಲಿ ಮೊದಲು ಉತ್ತರಿಸಿದ್ದು ಪಕ್ಕದ ಮನೆಯ ಬಾಯಮ್ಮ, ಎರಡು ಮೋದಕದ ಚಿತ್ರ ಹಾಕಿ.