ಹೀರೋಯಿನ್ ಅಳುವಾಗ ಭಾವನ ಕಣ್ಣು ಡಿಕ್ಕಿ ಮೇಲೆ

ನಮ್ಮ ಟಿವಿ ಮೇಲೆ ಒಂದು ಎಣ್ಣೆ ಕಲೆ ಇದೆ. ಸರಿಯಾಗಿ ಮಧ್ಯದಲ್ಲಿ. ನಿನ್ನೆ ರಾತ್ರಿಯಿಂದ ಮೂರು ಸಲ ಒರೆಸಿದ್ದೇನೆ, ಇನ್ನಷ್ಟು ಅಗಲವಾಯಿತೇ ಹೊರತು ಹೋಗಲಿಲ್ಲ. ಬೆಳಿಗ್ಗೆ ವಾರ್ತೆ ಓದಿದ ಹೆಣ್ಣುಮಗಳ ಮೂಗಿನ ಮೇಲೆ ಮದ್ದೂರು ವಡೆ ಕೂತ ಹಾಗೇ ಇತ್ತು.

ಇದು ಭಾವನ ಕೆಲಸ. ಭಾವ ಮಂಡ್ಯದವರು. ಭಾನುವಾರ ಬಂತೆಂದರೆ ರೈಲು ಹತ್ತಿ, ಅಲ್ಲೇ ವಡೆ ಕೊಂಡು, ಮೈಸೂರಿನ ನಮ್ಮ ಮನೆಗೆ ಹಾಜರ್. ಭಾನುವಾರ ಸಂಜೆ ಹಳೇ ಕಪ್ಪು-ಬಿಳುಪು ಸಿನಿಮಾ ನೋಡೋದು ಅಮ್ಮನ ರೂಢಿ. ಭಾವನೂ ಕೂರುತ್ತಾರೆ. ಆದರೆ ಅವರು ನೋಡೋದು ಕಾರು. ಕಾರಿನಲ್ಲೂ ಬರೀ ಸ್ಟೇಷನ್ ವ್ಯಾಗನ್.

"ಪೊಲೀಸ್ ಸ್ಟೇಷನ್ನಿಂದಾ?" ಅಂತ ಅಮ್ಮ ಒಮ್ಮೆ ಕೇಳಿ ಕೆಟ್ಟರು. ಅರ್ಧ ಗಂಟೆ ಪಾಠವಾಯಿತು. ರೈಲ್ವೆ ಸ್ಟೇಷನ್ನಿಂದ ಜನ, ಪೆಟ್ಟಿಗೆ ಎರಡನ್ನೂ ತುಂಬಿಕೊಂಡು ಬರೋಕೆ ಅಮೆರಿಕದಲ್ಲಿ ಹುಟ್ಟಿದ ಗಾಡಿಯಂತೆ, ಚಾವಣಿ ಹಿಂದಿನ ತುದಿವರೆಗೂ ನೇರ. ಮೊದಮೊದಲು ಹಿಂಭಾಗವೆಲ್ಲ ಮರ. 1946ರಲ್ಲಿ ವಿಲ್ಲೀಸ್ ಕಂಪನಿಯವರು ಪೂರ್ತಿ ಉಕ್ಕಿನದು ಮಾಡಿ, ಮರದ ಹಾಗೆ ಕಾಣಲಿ ಅಂತ ಬಣ್ಣ ಬಳಿದರಂತೆ. ಕಪ್ಪು-ಬಿಳುಪಿನಲ್ಲಿ ಮರ ಯಾವುದು, ಬಣ್ಣ ಯಾವುದು? ನಮಗೆ ಎಲ್ಲಾ ಒಂದೇ. ಭಾವನಿಗೆ ಅಲ್ಲ.

ನಿನ್ನೆ ಹೀರೋಯಿನ್ ಗೇಟಿನ ಹತ್ತಿರ ಅಳುತ್ತಿದ್ದಳು. ಹಿಂದೆ ಹುಣಸೆಮರ. ಮರದ ಹಿಂದೆ ಅರ್ಧ ಗಾಡಿ. ಭಾವ ರಿಮೋಟ್ ಕಿತ್ತುಕೊಂಡು ನಿಲ್ಲಿಸಿಯೇಬಿಟ್ಟರು.

"ಅಂಬಾಸಿಡರ್ ಅಲ್ವಾ?" ಅಂದೆ ಸುಮ್ನೆ.

"ಥೂ! ಬೆನ್ನು ಎಲ್ಲಪ್ಪಾ ಇಳಿದೈತೆ? ಮೂರ್ನೇ ಕಿಟಕಿ ನೋಡು!" ವಡೆ ಹಿಡಿದ ಬೆರಳು ಪರದೆಗೇ ಹೋಯಿತು. ಅಮ್ಮನ ಪಂಚಾಂಗದ ಭೂತಗನ್ನಡಿಯೂ ಬಂತು. ಹೀರೋಯಿನ್ ಬಾಯಿ ಅರ್ಧ ತೆರೆದು, ಸೀನು ಬರುವವಳ ಹಾಗೆ ಹತ್ತು ನಿಮಿಷ ನಿಂತಳು. ಸಮಸ್ಯೆ ಹಿಂಬಾಗಿಲಿನದು. ಬೀರುವಿನ ಹಾಗೆ ಎಡಕ್ಕೊಂದು ಬಲಕ್ಕೊಂದು ತೆರೆದರೆ 1953ರಲ್ಲಿ ಬಂದ ಮೋರಿಸ್ ಮೈನರ್ ಟ್ರಾವೆಲರ್. ಮೇಲೊಂದು ಕೆಳಗೊಂದು ಮಡಿಚಿದರೆ ವಿಲ್ಲೀಸ್. ಅಂದರೆ ಸಿನಿಮಾದಲ್ಲಿ ಯಾರಾದರೂ ಡಿಕ್ಕಿ ತೆರೆಯೋವರೆಗೆ ನಮಗೆ ಮುಕ್ತಿಯಿಲ್ಲ.

ಹಿಂದಕ್ಕೆ ಓಡಿಸಿದರು. ಮುಂದಕ್ಕೆ ಓಡಿಸಿದರು. ಹೀರೋಯಿನ್ ಅಳು ನುಂಗಿದಳು, ಮತ್ತೆ ಕಕ್ಕಿದಳು. ಮದುವೆ ಮುರಿಯಿತು, ಕೂಡಿತು, ಮುರಿಯಿತು. ಕೊನೆಗೆ ಅವಳ ಅಪ್ಪ ತೀರಿಕೊಂಡ. ಮನೆಯೆಲ್ಲ ಗೋಳು. ನಾಲ್ಕು ಜನ ಹೆಣ ಹೊತ್ತು ಗಾಡಿ ಹತ್ತಿರ ಬಂದರು. ಒಬ್ಬ ಹಿಂಬಾಗಿಲು ತೆರೆದ. ಎಡಕ್ಕೊಂದು, ಬಲಕ್ಕೊಂದು!

"ಟ್ರಾವೆಲರ್!" ಭಾವ ಕುರ್ಚಿಯಿಂದ ಎದ್ದು ಚಪ್ಪಾಳೆ ಹೊಡೆದರು. ಗಾಡಿ ಚಿಕ್ಕದು, ಹೆಣದ ಕಾಲು ಹೊರಗೇ ಉಳಿದಿತ್ತು. ಅದಕ್ಕೂ ಚಪ್ಪಾಳೆ. ಪಕ್ಕದ ಮನೆಯವರು ಕಿಟಕಿಯಿಂದ ಬಗ್ಗಿ, "ಯಾರು ಔಟು?" ಅಂತ ಕೇಳಿದರು. ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ, "ಹುಡುಗಿ ಅಪ್ಪ" ಅಂದರು.

ಈ ಹುಚ್ಚು ಬಿಡಿಸೋಣ ಅಂತ ಶ್ರೀರಂಗಪಟ್ಟಣದ ಹತ್ತಿರದ ಪಯಣ ಕಾರ್ ಮ್ಯೂಸಿಯಂಗೂ ಕರೆದುಕೊಂಡು ಹೋಗಿದ್ದೆ. "ಪಕ್ಕದಲ್ಲೇ ಹೆಸರು ಬರೆದವ್ರೆ, ಇನ್ನೇನು ಮಜಾ?" ಅಂತ ಮುಖ ಸಿಂಡರಿಸಿ ಬಂದರು.

ನಿನ್ನೆ ಕಲೆ ಒರೆಸುತ್ತಾ ರೇಗಿಬಿಟ್ಟೆ. ಅದೇನು ಸಿಗುತ್ತೆ ನಿಮಗೆ ಅಂದೆ. ಭಾವ ಸ್ವಲ್ಪ ಹೊತ್ತು ವಡೆ ಪೊಟ್ಟಣದ ಕಾಗದ ಮಡಿಚಿದರು. ಮಂಡ್ಯದಲ್ಲಿ ಅವರ ಬೀದಿಯ ಕಬ್ಬಿನ ಸಾಹುಕಾರರ ಹತ್ತಿರ ಅಂಥದ್ದೊಂದು ಇತ್ತಂತೆ. ಬೀದಿ ಹುಡುಗರನ್ನೆಲ್ಲ ಹಿಂದೆ ತುಂಬಿಕೊಂಡು ಬೃಂದಾವನಕ್ಕೆ ಹೋಗೋದು. ಕಾಲು ಇಳಿಬಿಟ್ಟು ಕೂತರೆ ರಸ್ತೆ ಹಿಂದಕ್ಕೆ ಓಡೋದು. ಒಂದು ಸಲ ಕೆಆರ್‌ಎಸ್‌ನಲ್ಲಿ ಶೂಟಿಂಗಿನವರು ಆ ಗಾಡಿಯನ್ನು ಒಂದು ದಿನಕ್ಕೆ ಬಾಡಿಗೆಗೆ ತಗೊಂಡರು. ಯಾವ ಸಿನಿಮಾ ಅಂತ ಯಾರೂ ಕೇಳಲಿಲ್ಲ. ಆಮೇಲೆ ಗಾಡಿ ಗುಜರಿಗೆ ಹೋಯಿತು, ಅದರ ಮರ ಯಾರದೋ ಬಚ್ಚಲ ಒಲೆಗೆ. ಒಂದು ಫೋಟೋ ಇಲ್ಲ. ನಂಬರು ಎಂವೈ ಅಂತ ಶುರುವಾಗುತ್ತಿತ್ತು, ಅಷ್ಟೇ ನೆನಪು.

ನಾನು ಒರೆಸೋದು ನಿಲ್ಲಿಸಿದೆ.

ಅಷ್ಟರಲ್ಲಿ ಅಮ್ಮ ಅಡುಗೆಮನೆಯಿಂದ, "ಕೊನೆಗೆ ಆ ಹುಡುಗಿಗೆ ಮದುವೆ ಆಯ್ತಾ?" ಅಂದರು.

"ಅದ್ ನೋಡ್ಲಿಲ್ಲ ಅತ್ತೆ. ಗಾಡಿ ಮಾತ್ರ ಲಾಸ್ಟ್ ಸೀನಲ್ಲೂ ಐತೆ!"